ಕುದುರೆಗಳ ಮಾರಕ ರೋಗದ ಮೂಲ ಪತ್ತೆ ಮಾಡಿದ ವೈದ್ಯ ಫ್ರೆಡರಿಕ್ ಲೋಫ್ಲರ್: ಕಾಲುಬಾಯಿ ಜ್ವರದ ಗುಟ್ಟು ಬಿಡಿಸಿದ್ದೂ ಇವರೇ

ಕುದುರೆಯ ಮೂಗಿನಿಂದ ಕೀವು ಸುರಿಯುತ್ತಿದೆ. ದವಡೆಯ ಕೆಳಗೆ ಗಂಟು ಊದಿಕೊಂಡಿದೆ. ಜ್ವರವೂ ಇದೆ. ಇದು ಆರೈಕೆ ಮಾಡಿದರೆ ಕೆಲವು ವಾರಗಳಲ್ಲಿ ವಾಸಿಯಾಗುವ ಸ್ಟ್ರಾಂಗಲ್ಸ್ ಇರಬಹುದು. ಇಲ್ಲವೇ ಕುದುರೆಯನ್ನಷ್ಟೇ ಅಲ್ಲ, ಅದನ್ನು ಸಾಕಿದವರನ್ನೂ ಬಲಿ ತೆಗೆದುಕೊಳ್ಳುವ ಗ್ಲಾಂಡರ್ಸ್ ಇರಬಹುದು. ಮೊದಲನೆಯದಾದರೆ ಕುದುರೆ ಉಳಿಯುತ್ತದೆ, ಎರಡನೆಯದಾದರೆ ಅದನ್ನು ಕೊಲ್ಲದೆ ಬೇರೆ ದಾರಿಯಿಲ್ಲ. ಹೊರಗಿನಿಂದ ನೋಡಿದರೆ ಆರಂಭದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಈ ಎರಡನ್ನು ಖಚಿತವಾಗಿ ಬೇರ್ಪಡಿಸುವ ದಾರಿ 1882ರವರೆಗೆ ಜಗತ್ತಿನ ಯಾವ ಪಶುವೈದ್ಯನ ಬಳಿಯೂ ಇರಲಿಲ್ಲ. ಆ ದಾರಿಯನ್ನು ತೆರೆದವರು ಜರ್ಮನಿಯ ಸೇನಾ ವೈದ್ಯ ಫ್ರೆಡರಿಕ್ ಲೋಫ್ಲರ್. ಮಕ್ಕಳ ಪ್ರಾಣ ತೆಗೆಯುತ್ತಿದ್ದ ಡಿಫ್ತೀರಿಯಾ, ಅಂದರೆ ಗಂಟಲುಮಾರಿಯ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿ ಬೆಳೆಸಿದ್ದು ಇವರು. ನಮ್ಮ ರೈತರ ನಿದ್ದೆಗೆಡಿಸುವ ಕಾಲುಬಾಯಿ ಜ್ವರಕ್ಕೆ ಬ್ಯಾಕ್ಟೀರಿಯಾ ಕಾರಣವಲ್ಲ, ಅದಕ್ಕಿಂತಲೂ ಸಣ್ಣದಾದ ಇನ್ನೊಂದು ರೋಗಕಾರಕ ಕಾರಣ ಎಂದು ತೋರಿಸಿದ್ದೂ ಇವರೇ. ಆದರೂ ರಾಬರ್ಟ್ ಕೋಚ್, ಲೂಯಿ ಪಾಶ್ಚರ್ ಹೆಸರು ಗೊತ್ತಿರುವ ಅನೇಕರಿಗೆ ಲೋಫ್ಲರ್ ಹೆಸರು ಅಷ್ಟಾಗಿ ಪರಿಚಿತವಲ್ಲ. ಅವರ ಬದುಕು ಮತ್ತು ಸಾಧನೆಯ ಪರಿಚಯ ಇಲ್ಲಿದೆ.

ಸೇನಾ ವೈದ್ಯನ ಮಗ

ಫ್ರೆಡರಿಕ್ ಆಗಸ್ಟ್ ಯೋಹಾನ್ಸ್ ಲೋಫ್ಲರ್ ಹುಟ್ಟಿದ್ದು 1852ರ ಜೂನ್ 24ರಂದು, ಓಡರ್ ನದಿ ದಂಡೆಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ. ತಂದೆ ಪ್ರಷ್ಯಾ ಸೇನೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ವೈದ್ಯರು. ಮಗನೂ ಅದೇ ಹಾದಿ ಹಿಡಿದರು. ವುರ್ಟ್ಸ್‌ಬರ್ಗ್‌ನಲ್ಲಿ ವೈದ್ಯಕೀಯ ಓದು ಶುರುವಾಯಿತು. ಅಷ್ಟರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಆರಂಭವಾಗಿ, ಲೋಫ್ಲರ್ ಓದನ್ನು ಬದಿಗಿಟ್ಟು ಸೇನಾ ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿದರು. ಯುದ್ಧ ಮುಗಿದ ಮೇಲೆ ಬರ್ಲಿನ್‌ನ ಸೇನಾ ವೈದ್ಯಕೀಯ ಸಂಸ್ಥೆಯಲ್ಲಿ ಓದು ಮುಂದುವರಿಸಿ 1874ರಲ್ಲಿ ವೈದ್ಯ ಪದವಿ ಪಡೆದರು.

ಮುಂದೆ ಕೆಲವು ವರ್ಷ ಆಸ್ಪತ್ರೆ ಮತ್ತು ದಂಡುಗಳಲ್ಲಿ ಕೆಲಸ. ಬದುಕಿನ ದಿಕ್ಕು ಬದಲಾಗಿದ್ದು ಬರ್ಲಿನ್‌ನ ಸಾಮ್ರಾಜ್ಯ ಆರೋಗ್ಯ ಕಚೇರಿಗೆ ನೇಮಕವಾದಾಗ. 1880ರಲ್ಲಿ ಅಲ್ಲಿಗೆ ರಾಬರ್ಟ್ ಕೋಚ್ ಬಂದರು. ಹಳ್ಳಿಯೂರಿನಲ್ಲಿ ವೈದ್ಯರಾಗಿದ್ದುಕೊಂಡೇ ಆಂಥ್ರಾಕ್ಸ್ ರೋಗಾಣುವಿನ ಜೀವನಚಕ್ರ ಬಿಡಿಸಿ ಹೆಸರಾದವರು ಕೋಚ್. ಅವರ ಜೊತೆಗೆ ಇಬ್ಬರು ಯುವ ಸೇನಾ ವೈದ್ಯರು ಸಹಾಯಕರಾಗಿ ಸೇರಿಕೊಂಡರು. ಒಬ್ಬರು ಗೇಯೋರ್ಗ್ ಗ್ಯಾಫ್ಕಿ, ಇನ್ನೊಬ್ಬರು ಲೋಫ್ಲರ್. ಈ ಮೂವರು ಕೆಲಸ ಮಾಡಿದ ಪ್ರಯೋಗಾಲಯದಿಂದ ಮುಂದಿನ ನಾಲ್ಕೈದು ವರ್ಷಗಳಲ್ಲಿ ಕ್ಷಯ, ಗ್ಲಾಂಡರ್ಸ್, ಟೈಫಾಯ್ಡ್, ಡಿಫ್ತೀರಿಯಾ ರೋಗಾಣುಗಳ ಸಂಶೋಧನೆಗಳು ಒಂದರ ಹಿಂದೊಂದು ಹೊರಬಂದವು.

ಕುದುರೆಗೆ ಏಕೆ ಅಷ್ಟು ಮಹತ್ವ?

ಇಂದು ಕುದುರೆ ಎಂದರೆ ನೆನಪಾಗುವುದು ರೇಸ್ ಕೋರ್ಸ್, ಮದುವೆ ಮೆರವಣಿಗೆ ಅಥವಾ ಪ್ರವಾಸಿ ತಾಣ. 19ನೇ ಶತಮಾನದಲ್ಲಿ ಹಾಗಿರಲಿಲ್ಲ. ಫಿರಂಗಿ ಎಳೆಯಲು ಕುದುರೆ, ಟ್ರಾಮ್ ಎಳೆಯಲು ಕುದುರೆ, ಅಂಚೆ ಸಾಗಿಸಲು ಕುದುರೆ. 1809ರಲ್ಲಿ ಆರಂಭವಾದ ಬೆಂಗಳೂರು ದಂಡು ಪ್ರದೇಶದಲ್ಲೂ ಕುದುರೆ ಸವಾರರ ಪಡೆಗಳಿದ್ದವು. ಪೇಟೆಯ ಜಟಕಾದವರ ಸಂಸಾರ ನಡೆಯುತ್ತಿದ್ದುದೂ ಒಂದು ಕುದುರೆಯ ಮೇಲೆ.

ಕುದುರೆ ಸತ್ತರೆ ಆಗುವ ನಷ್ಟ ಎಷ್ಟೆಂಬುದು ಕನ್ನಡ ನಾಡಿಗೆ ಹೊಸದೇನಲ್ಲ. ವಿಜಯನಗರ ಅರಸರು ಹೊರ್ಮುಜ್, ಏಡನ್ ಕಡೆಯಿಂದ ಸಮುದ್ರ ಮಾರ್ಗದಲ್ಲಿ ಕುದುರೆ ತರಿಸುತ್ತಿದ್ದರು. 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನುನಿಜ್ ಬರೆದಿಟ್ಟ ಪ್ರಕಾರ, ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗಳಿಗೂ ಹಣ ಕೊಡುತ್ತಿದ್ದ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕಿತ್ತು. ವ್ಯಾಪಾರಿಗಳು ನಷ್ಟಕ್ಕೆ ಹೆದರಿ ಕುದುರೆ ತರುವುದನ್ನು ನಿಲ್ಲಿಸಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ದೂರದ ಪ್ರಯಾಣ, ಇಕ್ಕಟ್ಟಾದ ಲಾಯ, ಒಂದೇ ತೊಟ್ಟಿಯಲ್ಲಿ ನೀರು. ಕುದುರೆಗಳ ಶ್ವಾಸಕೋಶದ ಸೋಂಕು ಹರಡಲು ಇಷ್ಟು ಸಾಕು. ಹೀಗೆ ಹರಡುವ ರೋಗಗಳಲ್ಲಿ ಎಲ್ಲಕ್ಕಿಂತ ಭಯಂಕರ ಗ್ಲಾಂಡರ್ಸ್.

ಏನಿದು ಗ್ಲಾಂಡರ್ಸ್?

ಗ್ಲಾಂಡರ್ಸ್ ತಗುಲಿದ ಕುದುರೆಯ ಮೂಗಿನೊಳಗಿನ ಪದರದಲ್ಲಿ ಮೊದಲು ಸಣ್ಣ ಗಂಟುಗಳು ಏಳುತ್ತವೆ. ಅವು ಒಡೆದು ಹುಣ್ಣಾಗುತ್ತವೆ. ಹುಣ್ಣು ಮಾಗಿದ ಜಾಗದಲ್ಲಿ ನಕ್ಷತ್ರದಾಕಾರದ ಕಲೆ ಉಳಿಯುತ್ತದೆ. ಮೂಗಿನಿಂದ ಅಂಟಂಟಾದ ಹಳದಿ ಕೀವು ಇಳಿಯುತ್ತದೆ, ಹಲವು ಬಾರಿ ಒಂದೇ ಹೊಳ್ಳೆಯಿಂದ. ದವಡೆಯ ಕೆಳಗಿನ ಗ್ರಂಥಿ ಗಟ್ಟಿಯಾಗುತ್ತದೆ. ಶ್ವಾಸಕೋಶದಲ್ಲೂ ಗಂಟುಗಳಾಗುತ್ತವೆ. ಕೆಲವು ಕುದುರೆಗಳಲ್ಲಿ ಚರ್ಮದಡಿ ಮಣಿ ಪೋಣಿಸಿದಂತೆ ಸಾಲು ಗಂಟುಗಳು ಕಾಣಿಸಿಕೊಂಡು ಕೀವು ಸೋರುತ್ತವೆ. ಈ ರೂಪಕ್ಕೆ ಫಾರ್ಸಿ ಎಂದು ಹೆಸರು.

ಕತ್ತೆ ಮತ್ತು ಹೇಸರಗತ್ತೆಗಳಲ್ಲಿ ರೋಗ ಸಾಮಾನ್ಯವಾಗಿ ಉಗ್ರವಾಗಿದ್ದು, ಅವು ಬೇಗ ಸಾಯುತ್ತವೆ. ಕುದುರೆಗಳಲ್ಲಿ ಕಥೆ ಬೇರೆ. ಎಷ್ಟೋ ಕುದುರೆಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ರೋಗವನ್ನು ಒಳಗೆ ಇಟ್ಟುಕೊಂಡೇ ಕೆಲಸ ಮಾಡುತ್ತಿರುತ್ತವೆ. ನೋಡಲು ಪರವಾಗಿಲ್ಲ ಎನ್ನಿಸುವ ಇಂಥ ಕುದುರೆಯೇ ಇಡೀ ಲಾಯಕ್ಕೆ ರೋಗ ಹಂಚುತ್ತದೆ. ಮೈ ತೊಳೆಯುವವರು, ಲಾಳ ಕಟ್ಟುವವರು, ಪಶುವೈದ್ಯರು ಯಾರಿಗೆ ಬೇಕಾದರೂ ಇದು ತಗುಲಬಹುದು. ಆ ಕಾಲದಲ್ಲಿ ಮನುಷ್ಯರಿಗೆ ತಗುಲಿದರೆ ಬದುಕುವ ಭರವಸೆ ತೀರಾ ಕಡಿಮೆಯಿತ್ತು.

ಈ ರೋಗ ಪ್ರಾಚೀನ ಗ್ರೀಕರಿಗೂ ಗೊತ್ತಿತ್ತು. ಆದರೆ ಕಾರಣ ಏನೆಂಬ ಬಗ್ಗೆ 19ನೇ ಶತಮಾನದಲ್ಲೂ ಒಮ್ಮತ ಇರಲಿಲ್ಲ. ಫ್ರಾನ್ಸ್‌ನ ಲಿಯಾನ್ ಪಶುವೈದ್ಯ ಶಾಲೆಯವರು ಇದು ಅಂಟುರೋಗ ಎಂದರೆ, ಪ್ಯಾರಿಸ್ ಬಳಿಯ ಆಲ್ಫೋರ್ ಶಾಲೆಯವರು ಅಲ್ಲವೆಂದು ವಾದಿಸಿದರು. ಕೆಟ್ಟ ಗಾಳಿ, ಅತಿಯಾದ ದುಡಿಮೆ, ಕಳಪೆ ಮೇವು ಕಾರಣ ಎಂಬ ನಂಬಿಕೆ ಬಲವಾಗಿತ್ತು. ಇದು ಬರೀ ಪಂಡಿತರ ಜಗಳವಾಗಿರಲಿಲ್ಲ. ಅಂಟುರೋಗವಲ್ಲ ಎಂದು ನಂಬಿದ ಸೇನೆ ರೋಗಿ ಕುದುರೆಗಳನ್ನು ಬೇರೆ ಕಟ್ಟುತ್ತಿರಲಿಲ್ಲ. 1837ರಲ್ಲಿ ಪ್ಯಾರಿಸ್‌ನ ವೈದ್ಯ ಪಿಯೆರ್ ರಾಯೆ ಮನುಷ್ಯನಿಗೂ ಕುದುರೆಗೂ ಬರುವುದು ಒಂದೇ ಗ್ಲಾಂಡರ್ಸ್ ಎಂದು ತೋರಿಸಿದರು. ಆದರೂ ರೋಗ ಹರಡುವ ಆ ವಸ್ತು ಯಾವುದು ಎಂಬುದು ಗೊತ್ತಾಗಿರಲಿಲ್ಲ.

1882ರ ಸಂಶೋಧನೆ

1882ರ ಮಾರ್ಚ್ 24ರಂದು ಕೋಚ್ ಬರ್ಲಿನ್‌ನಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾ ಕುರಿತು ಪ್ರಕಟಿಸಿದರು. ಶ್ವಾಸಕೋಶದಲ್ಲಿ ಗಂಟು ಕಟ್ಟುವ ಕ್ಷಯಕ್ಕೂ, ಅದೇ ರೀತಿ ಗಂಟು ಕಟ್ಟುವ ಗ್ಲಾಂಡರ್ಸ್‌ಗೂ ಮೇಲ್ನೋಟಕ್ಕೆ ಹೋಲಿಕೆಯಿತ್ತು. ಕ್ಷಯಕ್ಕೆ ಬಳಸಿದ ವಿಧಾನವನ್ನು ಕುದುರೆ ರೋಗಕ್ಕೂ ಬಳಸಲು ಲೋಫ್ಲರ್ ಮುಂದಾದರು. ಬರ್ಲಿನ್ ಪಶುವೈದ್ಯ ಶಾಲೆಯ ರೋಗಶಾಸ್ತ್ರಜ್ಞ ವಿಲ್ಹೆಲ್ಮ್ ಶ್ಯುಟ್ಸ್ ಅವರಿಗೆ ಜೊತೆಯಾದರು. ಒಬ್ಬರು ಮನುಷ್ಯರ ವೈದ್ಯರು, ಇನ್ನೊಬ್ಬರು ಕುದುರೆಗಳನ್ನು ಬಲ್ಲವರು.

ರೋಗದಿಂದ ಸತ್ತ ಕುದುರೆಯ ಅಂಗಗಳಲ್ಲಿದ್ದ ಗಂಟುಗಳಿಂದ ಅವರು ಮಾದರಿ ತೆಗೆದರು. ಪ್ರಾಣಿಯ ರಕ್ತದ ಸೀರಮ್ಮನ್ನು ಬಿಸಿ ಮಾಡಿ ಗಟ್ಟಿಗೊಳಿಸಿ, ಅದರ ಮೇಲೆ ಆ ಮಾದರಿಯನ್ನು ಸವರಿದರು. ಕೆಲವು ದಿನಗಳಲ್ಲಿ ಸಣ್ಣ ಹನಿಗಳಂತೆ ಬ್ಯಾಕ್ಟೀರಿಯಾ ಗುಂಪುಗಳು ಕಾಣಿಸಿಕೊಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳ್ಳನೆಯ ಕಡ್ಡಿಯಂತಹ ಜೀವಿ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕುದುರೆಯ ಮೂಗಿನಲ್ಲಿ, ಗಂಟಲಲ್ಲಿ ಬ್ಯಾಕ್ಟೀರಿಯಾಗಳಿಗೆ ಬರವಿಲ್ಲ. ಆರೋಗ್ಯವಂತ ಕುದುರೆಯಲ್ಲೂ ನೂರೆಂಟು ಬಗೆ ಇರುತ್ತವೆ. ರೋಗಿಯಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣ ಎನ್ನಲಾಗದು. ಆದ್ದರಿಂದ ಅವರು ಆ ಜೀವಿಯನ್ನು ಒಂದು ನಳಿಕೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೀಗೆ ತಲೆಮಾರುಗಟ್ಟಲೆ ಶುದ್ಧವಾಗಿ ಬೆಳೆಸಿದರು. ಮೂಲ ಕೀವಿನ ಅಂಶ ಒಂದಿಷ್ಟೂ ಉಳಿಯಬಾರದು ಎಂಬುದು ಇದರ ಉದ್ದೇಶ. ಆಮೇಲೆ ಆ ಶುದ್ಧ ಬ್ಯಾಕ್ಟೀರಿಯಾವನ್ನು ಪ್ರಾಣಿಗಳಿಗೆ ಚುಚ್ಚಿದಾಗ ಗ್ಲಾಂಡರ್ಸ್ ಕಾಣಿಸಿಕೊಂಡಿತು. ಅವುಗಳ ದೇಹದಲ್ಲಿ ಅದೇ ಕಡ್ಡಿ ಜೀವಿ ಮತ್ತೆ ಸಿಕ್ಕಿತು.

1882ರ ಡಿಸೆಂಬರ್‌ನಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲೂ ಬುಶಾರ್, ಕಾಪಿಟಾನ್ ಮತ್ತು ಶಾರಾನ್ ಎಂಬ ಮೂವರು ಇದೇ ರೋಗದ ಸೂಕ್ಷ್ಮಜೀವಿಯ ಬಗ್ಗೆ ವರದಿ ಮಾಡಿದರು. ಲೋಫ್ಲರ್ 1886ರಲ್ಲಿ ಗ್ಲಾಂಡರ್ಸ್ ಕುರಿತು ವಿಸ್ತಾರವಾದ ಪ್ರಬಂಧ ಬರೆದರು. ಇಂದು ಆ ಬ್ಯಾಕ್ಟೀರಿಯಾದ ಹೆಸರು ಬರ್ಕೋಲ್ಡೇರಿಯಾ ಮಲೈ.

ಸ್ಟ್ರಾಂಗಲ್ಸ್ ಬೇರೆ ಎಂದು ಗೊತ್ತಾಗಿದ್ದು ಹೇಗೆ?

ಲೋಫ್ಲರ್ ಜೊತೆ ಕೆಲಸ ಮಾಡಿದ ಶ್ಯುಟ್ಸ್ ಇದೇ ವಿಧಾನ ಹಿಡಿದು ಮುಂದುವರಿದರು. 1888ರಲ್ಲಿ ಅವರು ಸ್ಟ್ರಾಂಗಲ್ಸ್ ಬಾವಿನ ಕೀವಿನಿಂದ ಬೇರೊಂದು ಬ್ಯಾಕ್ಟೀರಿಯಾ ಪ್ರತ್ಯೇಕಿಸಿದರು. ಇದು ಕಡ್ಡಿಯಾಕಾರದ್ದಲ್ಲ, ಸರಪಳಿಯಂತೆ ಜೋಡಿಸಿಕೊಂಡ ದುಂಡು ಜೀವಿ. ಇಂದು ಇದನ್ನು ಸ್ಟ್ರೆಪ್ಟೊಕಾಕಸ್ ಇಕ್ವೈ ಎನ್ನುತ್ತಾರೆ.

ಹೆಚ್ಚಾಗಿ ಮರಿ ಕುದುರೆಗಳನ್ನು ಕಾಡುವ ಸ್ಟ್ರಾಂಗಲ್ಸ್‌ನಲ್ಲಿ ದವಡೆಯಡಿಯ ಗ್ರಂಥಿ ಊದಿ, ಮೆತ್ತಗಾಗಿ, ಒಡೆದು ಕೀವು ಹೊರಹೋಗುತ್ತದೆ. ಊತ ಅತಿಯಾದರೆ ಉಸಿರು ಕಟ್ಟುತ್ತದೆ. ಆದರೆ ಬಹುತೇಕ ಕುದುರೆಗಳು ಚೇತರಿಸಿಕೊಳ್ಳುತ್ತವೆ. ಒಂದೇ ರೀತಿ ಮೂಗು ಸೋರುವ ಎರಡು ರೋಗಗಳಿಗೆ ಎರಡು ಬೇರೆ ಬೇರೆ ಜೀವಿಗಳು ಕಾರಣ ಎಂಬುದು ಹೀಗೆ ಆರು ವರ್ಷಗಳ ಅಂತರದಲ್ಲಿ ಸ್ಪಷ್ಟವಾಯಿತು. ಕೊಲ್ಲಬೇಕಾದ ಕುದುರೆ ಯಾವುದು, ಉಳಿಸಬೇಕಾದ ಕುದುರೆ ಯಾವುದು ಎಂಬ ಪ್ರಶ್ನೆಗೆ ಕಣ್ಣಂದಾಜಿನ ಬದಲು ಪ್ರಯೋಗಾಲಯ ಉತ್ತರ ಕೊಡತೊಡಗಿತು.

ಗ್ಲಾಂಡರ್ಸ್ ಬ್ಯಾಕ್ಟೀರಿಯಾ ಕೈಗೆ ಸಿಕ್ಕ ಮೇಲೆ ಇನ್ನೊಂದು ಉಪಯೋಗವೂ ಆಯಿತು. ರಷ್ಯಾ ಸಾಮ್ರಾಜ್ಯದ ಪಶುವೈದ್ಯರಾದ ಹೆಲ್ಮನ್ ಮತ್ತು ಕಾಲ್ನಿಂಗ್ ಪ್ರತ್ಯೇಕವಾಗಿ, 1890ರ ಆಸುಪಾಸಿನಲ್ಲಿ, ಆ ಬ್ಯಾಕ್ಟೀರಿಯಾದ ಸಾರದಿಂದ ಮ್ಯಾಲಿನ್ ಎಂಬ ದ್ರವ ತಯಾರಿಸಿದರು. ಇದನ್ನು ಚುಚ್ಚಿದರೆ ಆರೋಗ್ಯವಂತ ಕುದುರೆಗೆ ಏನೂ ಆಗುವುದಿಲ್ಲ. ರೋಗ ಒಳಗಿದ್ದರೆ ಚುಚ್ಚಿದ ಜಾಗ ಊದಿಕೊಂಡು ಜ್ವರ ಬರುತ್ತದೆ. ಹೊರಗೆ ಲಕ್ಷಣವೇ ಕಾಣದ ಕುದುರೆಯನ್ನೂ ಇದರಿಂದ ಗುರುತಿಸಬಹುದಾಯಿತು. ಈ ಸಂಶೋಧನೆಗೆ ತೆತ್ತ ಬೆಲೆ ದೊಡ್ಡದು. ಪ್ರಯೋಗಾಲಯದಲ್ಲೇ ಗ್ಲಾಂಡರ್ಸ್ ಸೋಂಕು ತಗುಲಿ ಕಾಲ್ನಿಂಗ್ ಮೃತಪಟ್ಟರು.

ಮಕ್ಕಳ ಗಂಟಲಿಗೆ ತಿರುಗಿದ ಗಮನ

ಕುದುರೆಯ ರೋಗ ಬಿಡಿಸಿದ ಮೇಲೆ ಲೋಫ್ಲರ್ ಗಮನ ಹರಿದಿದ್ದು ಡಿಫ್ತೀರಿಯಾ ಕಡೆಗೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ, ಉಸಿರಾಡಲಾಗದೆ ಮಕ್ಕಳು ಸಾಯುತ್ತಿದ್ದ ಕಾಲ ಅದು. 1883ರಲ್ಲಿ ಎಡ್ವಿನ್ ಕ್ಲೆಬ್ಸ್ ಆ ಪೊರೆಯಲ್ಲಿ ಒಂದು ಕಡ್ಡಿ ಬ್ಯಾಕ್ಟೀರಿಯಾ ನೋಡಿದ್ದರು. ಆದರೆ ಅದೇ ಕಾರಣ ಎಂದು ಸಾಬೀತಾಗಿರಲಿಲ್ಲ. ಪೊರೆಯಲ್ಲಿ ಸರಪಳಿ ಬ್ಯಾಕ್ಟೀರಿಯಾಗಳೂ ಸಿಗುತ್ತಿದ್ದವು.

ಲೋಫ್ಲರ್ ಎರಡನ್ನೂ ಬೇರೆ ಬೇರೆಯಾಗಿ ಬೆಳೆಸಿ ಪರೀಕ್ಷಿಸಿದರು. ಕಡ್ಡಿ ಬ್ಯಾಕ್ಟೀರಿಯಾ ಚುಚ್ಚಿದ ಪ್ರಾಣಿಗಳಲ್ಲಿ ಮಾತ್ರ ಡಿಫ್ತೀರಿಯಾವನ್ನು ಹೋಲುವ ರೋಗ ಬಂತು. 1884ರಲ್ಲಿ ಪ್ರಕಟವಾದ ಈ ಪ್ರಬಂಧದಲ್ಲಿ ಅವರು, ಒಂದು ಜೀವಿಯನ್ನು ರೋಗದ ಕಾರಣ ಎನ್ನಬೇಕಾದರೆ ಪೂರೈಸಬೇಕಾದ ಷರತ್ತುಗಳನ್ನು ಪಟ್ಟಿ ಮಾಡಿದರು. ರೋಗವಿದ್ದಲ್ಲೆಲ್ಲ ಆ ಜೀವಿ ಇರಬೇಕು, ಅದನ್ನು ಪ್ರತ್ಯೇಕಿಸಿ ಶುದ್ಧವಾಗಿ ಬೆಳೆಸಬೇಕು, ಹಾಗೆ ಬೆಳೆಸಿದ ಜೀವಿಯಿಂದ ಮತ್ತೆ ಅದೇ ರೋಗ ಬರಬೇಕು. ಇಂದು ವಿದ್ಯಾರ್ಥಿಗಳು ಇವನ್ನು ಕೋಚ್ ನಿಯಮಗಳು ಎಂದು ಓದುತ್ತಾರೆ. ಗುರುವಿನ ಚಿಂತನೆಯನ್ನು ಇಷ್ಟು ಸ್ಪಷ್ಟವಾಗಿ ಬರಹಕ್ಕಿಳಿಸಿದ್ದು ಶಿಷ್ಯ.

ಇದೇ ಪ್ರಬಂಧದಲ್ಲಿ ಲೋಫ್ಲರ್ ತಮ್ಮ ವಾದದ ದುರ್ಬಲ ಕೊಂಡಿಗಳನ್ನೂ ಮುಚ್ಚಿಡಲಿಲ್ಲ. ಡಿಫ್ತೀರಿಯಾ ಇದ್ದ ಕೆಲವರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿರಲಿಲ್ಲ. ಆರೋಗ್ಯವಾಗಿದ್ದ ಒಂದು ಮಗುವಿನ ಗಂಟಲಲ್ಲಿ ಸಿಕ್ಕಿತ್ತು. ಹೀಗಾಗಿ ಪೂರ್ತಿ ಸಾಬೀತಾಯಿತು ಎಂದು ಅವರು ಘೋಷಿಸಲಿಲ್ಲ. ಮುಂದೆ ಆ ಮಗುವಿನ ವಿಷಯವೇ ಮಹತ್ವದ್ದಾಯಿತು. ರೋಗವಿಲ್ಲದೆಯೂ ರೋಗಾಣು ಹೊತ್ತು ತಿರುಗುವವರು ಇರುತ್ತಾರೆ ಎಂಬ ತಿಳಿವಳಿಕೆಗೆ ಅದು ಮೊದಲ ಸುಳಿವುಗಳಲ್ಲಿ ಒಂದು.

ಇನ್ನೊಂದು ವಿಚಿತ್ರವನ್ನೂ ಅವರು ಗಮನಿಸಿದರು. ಬ್ಯಾಕ್ಟೀರಿಯಾ ಚುಚ್ಚಿದ ಜಾಗದಲ್ಲೇ ಇರುತ್ತಿತ್ತು, ಆದರೆ ದೂರದ ಅಂಗಗಳು ಹಾಳಾಗುತ್ತಿದ್ದವು. ಬ್ಯಾಕ್ಟೀರಿಯಾ ಯಾವುದೋ ವಿಷ ಬಿಡುಗಡೆ ಮಾಡುತ್ತಿರಬೇಕು ಎಂದು ಲೋಫ್ಲರ್ ಊಹಿಸಿದರು. 1888ರಲ್ಲಿ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ಆ ವಿಷವನ್ನು ಕಂಡುಹಿಡಿದರು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ವಿಷಕ್ಕೆ ಪ್ರತಿವಿಷದ ದಾರಿ ತೋರಿಸಿದರು. ಆ ಪ್ರತಿವಿಷವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಬಳಕೆಯಾಗಿದ್ದು ಕುದುರೆಗಳೇ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅದರ ರಕ್ತದ ಸೀರಂ ತೆಗೆದು ಮಕ್ಕಳಿಗೆ ಚುಚ್ಚಲಾಯಿತು. ಹಾವು ಕಚ್ಚಿದವರಿಗೆ ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಔಷಧವೂ ಇದೇ ರೀತಿ ಕುದುರೆಯ ರಕ್ತದಿಂದಲೇ ಬರುತ್ತದೆ.

ಇಲಿಗಳ ಮೇಲೆ ಬ್ಯಾಕ್ಟೀರಿಯಾ ಪ್ರಯೋಗ

1887ರಲ್ಲಿ ಲೋಫ್ಲರ್ ಇನ್ನಿಬ್ಬರೊಂದಿಗೆ ಸೇರಿ ಬ್ಯಾಕ್ಟೀರಿಯಾ ವಿಜ್ಞಾನಕ್ಕೇ ಮೀಸಲಾದ ಒಂದು ನಿಯತಕಾಲಿಕೆ ಆರಂಭಿಸಿದರು. 1888ರಲ್ಲಿ ಬಾಲ್ಟಿಕ್ ಸಮುದ್ರ ತೀರದ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ವಿಜ್ಞಾನದ ಪ್ರಾಧ್ಯಾಪಕರಾದರು. ಮುಂದಿನ 25 ವರ್ಷ ಅದೇ ಅವರ ಕರ್ಮಭೂಮಿ.

ಅಲ್ಲಿ ಪ್ರಯೋಗಾಲಯದ ಇಲಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದಾಗ ಲೋಫ್ಲರ್ ಅದರ ಬ್ಯಾಕ್ಟೀರಿಯಾವನ್ನೂ ಪ್ರತ್ಯೇಕಿಸಿದರು. ಹೊಲದ ಇಲಿಗಳನ್ನು ಕೊಲ್ಲಲು ಇದನ್ನೇ ಬಳಸಬಾರದೇಕೆ ಎಂಬ ಯೋಚನೆ ಹೊಳೆಯಿತು. 1892ರಲ್ಲಿ ಗ್ರೀಸ್ ದೇಶದ ಥೆಸ್ಸಲಿ ಬಯಲಿನಲ್ಲಿ ಇಲಿಗಳ ಹಾವಳಿ ಮಿತಿಮೀರಿದಾಗ ಅಲ್ಲಿನ ಸರ್ಕಾರ ಅವರನ್ನು ಕರೆಸಿಕೊಂಡಿತು. ಬ್ಯಾಕ್ಟೀರಿಯಾ ದ್ರಾವಣದಲ್ಲಿ ನೆನೆಸಿದ ಬ್ರೆಡ್ ಚೂರುಗಳನ್ನು ಹೊಲಗಳಲ್ಲಿ ಇಡಲಾಯಿತು. ಪ್ರಯೋಗ ಯಶಸ್ವಿಯಾಯಿತೆಂದು ದೊಡ್ಡ ಸುದ್ದಿಯಾಯಿತು.

ಆದರೆ ಆ ಬ್ಯಾಕ್ಟೀರಿಯಾ ಇಂದು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂದು ಹೆಸರಾಗಿದೆ. ಮನುಷ್ಯರಲ್ಲಿ ಆಹಾರದ ಮೂಲಕ ವಾಂತಿ ಭೇದಿ ಉಂಟುಮಾಡುವ ಪ್ರಮುಖ ರೋಗಾಣುಗಳಲ್ಲಿ ಅದೂ ಒಂದು. ಮನುಷ್ಯರಿಗೆ ಅಪಾಯವಿಲ್ಲ ಎಂಬ ನಂಬಿಕೆಯಲ್ಲಿ ಹೊಲಕ್ಕೆ ಬಿಟ್ಟ ಜೀವಿ ಅಪಾಯಕಾರಿಯೇ ಆಗಿತ್ತು. ಪುರಾವೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ವಿಜ್ಞಾನಿಯ ಬದುಕಿನಲ್ಲಿ ಇದು ಎದ್ದು ಕಾಣುವ ತಪ್ಪು ಲೆಕ್ಕ.

ಸೋಸಿದರೂ ಹೋಗದ ಕಾಲುಬಾಯಿ ಜ್ವರ

1890ರ ದಶಕದಲ್ಲಿ ಜರ್ಮನಿಯ ದನಕರುಗಳಿಗೆ ಕಾಲುಬಾಯಿ ಜ್ವರ ದೊಡ್ಡ ಪಿಡುಗಾಗಿತ್ತು. ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಗುಳ್ಳೆ ಎದ್ದು, ಜೊಲ್ಲು ಸುರಿಸುತ್ತಾ, ಮೇವು ಬಿಟ್ಟು, ಹಾಲು ಬತ್ತಿಸಿಕೊಳ್ಳುವ ದನಗಳನ್ನು ನೋಡಿದ ನಮ್ಮ ರೈತರಿಗೆ ಇದರ ವಿವರಣೆ ಬೇಕಿಲ್ಲ. ಈ ರೋಗ ಕುದುರೆಗಳಿಗೆ ಬರುವುದಿಲ್ಲ, ಸೀಳು ಗೊರಸಿನ ಪ್ರಾಣಿಗಳಿಗೆ ಮಾತ್ರ. 1897ರಲ್ಲಿ ಇದರ ತನಿಖೆಗೆ ನೇಮಿಸಿದ ಆಯೋಗದ ನೇತೃತ್ವ ಲೋಫ್ಲರ್ ಅವರದಾಯಿತು. ಕೋಚ್ ಸಂಸ್ಥೆಯ ಪಾಲ್ ಫ್ರಾಷ್ ಜೊತೆಗಿದ್ದರು.

ಹಿಂದೆ ಗೆದ್ದುಕೊಟ್ಟ ದಾರಿಯಲ್ಲೇ ಅವರು ಹೊರಟರು. ಗುಳ್ಳೆಯ ನೀರು ತೆಗೆದು ಬ್ಯಾಕ್ಟೀರಿಯಾ ಬೆಳೆಸಲು ನೋಡಿದರು. ಕಾರಣವೆನ್ನಬಹುದಾದ ಯಾವುದೂ ಬೆಳೆಯಲಿಲ್ಲ. ಆಗ ಆ ನೀರನ್ನು ಬ್ಯಾಕ್ಟೀರಿಯಾ ದಾಟಲಾಗದಷ್ಟು ಸೂಕ್ಷ್ಮ ರಂಧ್ರಗಳ ಸೋಸುಕದಲ್ಲಿ ಸೋಸಿದರು. ಸೋಸಿದ ನೀರು ಕರುಗಳಿಗೆ ಚುಚ್ಚಿದರೆ ಏನೂ ಆಗಬಾರದಿತ್ತು. ಆದರೆ ಕರುಗಳಿಗೆ ಕಾಲುಬಾಯಿ ಜ್ವರ ಬಂತು.

ಇದಕ್ಕೆ ಎರಡು ವಿವರಣೆ ಸಾಧ್ಯವಿತ್ತು. ಡಿಫ್ತೀರಿಯಾದಂತೆ ಇಲ್ಲೂ ಯಾವುದೋ ಕರಗಿದ ವಿಷ ಸೋಸುಕ ದಾಟಿರಬಹುದು. ಇಲ್ಲವೇ ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ, ತನ್ನಷ್ಟಕ್ಕೆ ವೃದ್ಧಿಯಾಗುವ ಏನೋ ಇರಬಹುದು. ವಿಷವಾದರೆ ಒಂದು ಕರುವಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದಂತೆ ತೆಳುವಾಗಿ ಶಕ್ತಿ ಕಳೆದುಕೊಳ್ಳಬೇಕು. ಹಾಗಾಗಲಿಲ್ಲ. ಎಷ್ಟು ಸಲ ದಾಟಿಸಿದರೂ ರೋಗದ ತೀವ್ರತೆ ಅಷ್ಟೇ ಇತ್ತು. ಅಂದರೆ ಒಳಗಿರುವ ವಸ್ತು ಪ್ರತಿ ಕರುವಿನಲ್ಲೂ ಹೊಸದಾಗಿ ಹೆಚ್ಚುತ್ತಿದೆ.

1898ರಲ್ಲಿ ಪ್ರಕಟವಾದ ಈ ತೀರ್ಮಾನ ಪ್ರಾಣಿಗಳಲ್ಲಿ ವೈರಸ್‌ನಿಂದ ರೋಗ ಬರುತ್ತದೆ ಎಂಬುದಕ್ಕೆ ಮೊದಲ ಪುರಾವೆ. ಸಸ್ಯಗಳಲ್ಲಿ ತಂಬಾಕಿನ ಮೊಸಾಯಿಕ್ ರೋಗದ ಬಗ್ಗೆ ರಷ್ಯಾದ ಇವನೋವ್ಸ್ಕಿ 1892ರಲ್ಲಿ, ಹಾಲೆಂಡಿನ ಬೈಯೆರಿಂಕ್ 1898ರಲ್ಲಿ ಇಂಥದ್ದೇ ಸಂಗತಿ ಕಂಡಿದ್ದರು. ಸಿಡುಬಿನಂತಹ ರೋಗಗಳಿಗೂ ಇಂಥ ಅತಿಸೂಕ್ಷ್ಮ ಕಾರಣ ಇರಬಹುದು ಎಂದು ಲೋಫ್ಲರ್ ಮತ್ತು ಫ್ರಾಷ್ ಸೂಚಿಸಿದರು. ಅದು ನಿಜವೆಂದು ಮುಂದೆ ಗೊತ್ತಾಯಿತು. ಒಂದು ವಿಶೇಷ ಗಮನಿಸಬೇಕು. ಈ ವೈರಸ್ಸನ್ನು ಬ್ಯಾಕ್ಟೀರಿಯಾದಂತೆ ನಳಿಕೆಯಲ್ಲಿ ಬೆಳೆಸಲು ಆಗಲೇ ಇಲ್ಲ. ಅಂದರೆ 1884ರಲ್ಲಿ ತಾವೇ ಬರೆದಿಟ್ಟ ನಿಯಮಗಳಲ್ಲಿ ಒಂದನ್ನು ಲೋಫ್ಲರ್ ಇಲ್ಲಿ ಪೂರೈಸಲಾಗಲಿಲ್ಲ. ಆದರೂ ಪುರಾವೆ ಎತ್ತ ತೋರಿಸಿತೋ ಅತ್ತ ಅವರು ನಡೆದರು.

ನಗರದಿಂದ ದ್ವೀಪಕ್ಕೆ

ಗ್ರೈಫ್ಸ್‌ವಾಲ್ಡ್‌ನಲ್ಲಿ ಪ್ರಯೋಗ ಮುಂದುವರಿದಂತೆ ಸಮಸ್ಯೆ ಶುರುವಾಯಿತು. ಸುತ್ತಮುತ್ತಲ ರೈತರ ದನಗಳಿಗೂ ಕಾಲುಬಾಯಿ ಜ್ವರ ಹರಡಿತು. ಪ್ರಯೋಗಾಲಯದ ಮೇಲೆ ದೂರು ಬಂತು. 1907ರಲ್ಲಿ ಸರ್ಕಾರ ಅಲ್ಲಿನ ಪ್ರಯೋಗಗಳನ್ನು ನಿಲ್ಲಿಸಿತು. ಲೋಫ್ಲರ್ ಸುಮ್ಮನಾಗಲಿಲ್ಲ, ಸುರಕ್ಷಿತ ಜಾಗ ಹುಡುಕಿದರು. ಸಮೀಪದಲ್ಲೇ ಸಮುದ್ರದ ನಡುವೆ ರೀಮ್ಸ್ ಎಂಬ ಪುಟ್ಟ ದ್ವೀಪವಿತ್ತು. 1910ರಲ್ಲಿ ಅಲ್ಲಿ ಸಂಶೋಧನೆ ಆರಂಭವಾಯಿತು. ವೈರಸ್ ಸಂಶೋಧನೆಗೆಂದೇ ಆರಂಭವಾದ ಜಗತ್ತಿನ ಮೊದಲ ಸಂಸ್ಥೆ ಎಂದು ಅದನ್ನು ಗುರುತಿಸಲಾಗುತ್ತದೆ. ಅಪಾಯಕಾರಿ ರೋಗಾಣುಗಳ ಕೆಲಸವನ್ನು ಜನವಸತಿಯಿಂದ, ದನಕರುಗಳಿಂದ ದೂರ ಇಡಬೇಕೆಂಬ ಪಾಠ ಅಲ್ಲಿಂದಲೇ ಬಂತು. ಇದೇ ದ್ವೀಪದಲ್ಲಿ 1938ರಲ್ಲಿ ವಾಲ್ಡ್‌ಮನ್ ಮತ್ತು ಸಹೋದ್ಯೋಗಿಗಳು ಕಾಲುಬಾಯಿ ಜ್ವರಕ್ಕೆ ಪರಿಣಾಮಕಾರಿ ಲಸಿಕೆ ಸಿದ್ಧಪಡಿಸಿದರು.

1913ರಲ್ಲಿ ಲೋಫ್ಲರ್ ಬರ್ಲಿನ್‌ಗೆ ಮರಳಿ, ಗ್ಯಾಫ್ಕಿ ನಂತರ ಕೋಚ್ ಹೆಸರಿನ ಸಂಸ್ಥೆಯ ಮುಖ್ಯಸ್ಥರಾದರು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. 1915ರ ಏಪ್ರಿಲ್ 9ರಂದು, 62ನೇ ವಯಸ್ಸಿನಲ್ಲಿ ಅವರು ಬರ್ಲಿನ್‌ನಲ್ಲಿ ನಿಧನರಾದರು. ಅಂತ್ಯಸಂಸ್ಕಾರ ಗ್ರೈಫ್ಸ್‌ವಾಲ್ಡ್‌ನಲ್ಲಿ ನಡೆಯಿತು.

ಅದೇ 1915ರಲ್ಲಿ ಇನ್ನೊಂದು ಘಟನೆ ನಡೆಯಿತು. ಲೋಫ್ಲರ್‌ಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದಿಂದ ಮಿತ್ರರಾಷ್ಟ್ರಗಳಿಗೆ ಹಡಗಿನಲ್ಲಿ ಹೊರಟಿದ್ದ ಕುದುರೆ, ಹೇಸರಗತ್ತೆಗಳಿಗೆ ಜರ್ಮನಿಯ ಗುಪ್ತ ಏಜೆಂಟರು ಗ್ಲಾಂಡರ್ಸ್ ಮತ್ತು ಆಂಥ್ರಾಕ್ಸ್ ಬ್ಯಾಕ್ಟೀರಿಯಾ ಅಂಟಿಸಲು ಯತ್ನಿಸಿದರು. ಕುದುರೆಗಳನ್ನು ಉಳಿಸಲೆಂದು ನಳಿಕೆಯಲ್ಲಿ ಬೆಳೆಸಿದ ಜೀವಿ, 33 ವರ್ಷಗಳಲ್ಲಿ ಅವನ್ನು ಕೊಲ್ಲುವ ಆಯುಧವಾಗಿತ್ತು.

ಭಾರತದಲ್ಲಿ ಗ್ಲಾಂಡರ್ಸ್ ನಿಯಂತ್ರಣ

ಪ್ರಾಣಿರೋಗ ಸಂಶೋಧನೆಗೆಂದು 1889ರಲ್ಲಿ ಪುಣೆಯಲ್ಲಿ ಸಾಮ್ರಾಜ್ಯ ಬ್ಯಾಕ್ಟೀರಿಯಾ ಪ್ರಯೋಗಾಲಯ ಸ್ಥಾಪನೆಯಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಅದೂ ಜನವಸತಿಯಿಂದ ದೂರದ ಜಾಗ. 1897ರಲ್ಲಿ ಕೋಚ್ ಮತ್ತು ಗ್ಯಾಫ್ಕಿ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ.

1899ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯ್ದೆ ತಂದಿತು. ರೋಗವಿದೆ ಎನ್ನಿಸಿದ ಕುದುರೆ, ಕತ್ತೆಗಳನ್ನು ವಶಕ್ಕೆ ಪಡೆದು ಪರೀಕ್ಷಿಸಿ, ರೋಗ ಖಚಿತವಾದರೆ ಕೊಲ್ಲುವ ಅಧಿಕಾರ ಇದರಿಂದ ಬಂತು. ಜಟಕಾ ಓಡಿಸುವವನಿಗೆ ಇದು ಅನ್ನದ ಪ್ರಶ್ನೆ. ಮೂಗು ಸೋರಿತು ಎಂಬ ಕಾರಣಕ್ಕೇ ಕುದುರೆ ಹೋಗಬಾರದು, ರೋಗವಿದ್ದೂ ಉಳಿಯಲೂಬಾರದು. ಪ್ರಯೋಗಾಲಯದ ಪುರಾವೆಗೆ ಬೆಲೆ ಬಂದಿದ್ದು ಇಂಥ ಕಡೆ. ಸುಮಾರು 110 ವರ್ಷ ಜಾರಿಯಲ್ಲಿದ್ದ ಈ ಕಾಯ್ದೆಯ ಜಾಗಕ್ಕೆ 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ ಬಂತು.

ಪರೀಕ್ಷಿಸಿ ಕೊಲ್ಲುವ ಕ್ರಮದಿಂದ ಬ್ರಿಟನ್ 1928ರ ಹೊತ್ತಿಗೆ ಗ್ಲಾಂಡರ್ಸ್ ಮುಕ್ತವಾಯಿತು. ಭಾರತದಲ್ಲಿ ರೋಗ ಪೂರ್ತಿ ಹೋಗಿಲ್ಲ. 2006ರಲ್ಲಿ ಮತ್ತೆ ಕಾಣಿಸಿಕೊಂಡ ಬಳಿಕ ಹಲವು ರಾಜ್ಯಗಳಲ್ಲಿ ಪ್ರಕರಣಗಳು ವರದಿಯಾಗಿವೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ದೇಶದ ಮಾದರಿಗಳ ರಕ್ತ ಪರೀಕ್ಷೆ ನಡೆಸುತ್ತದೆ. ಗ್ಲಾಂಡರ್ಸ್‌ಗೆ ಇಂದಿಗೂ ಲಸಿಕೆ ಇಲ್ಲ. ಆದ್ದರಿಂದ ಮೂಗಿನಿಂದ ಕೀವು ಬರುವ ಕುದುರೆ, ಕತ್ತೆಯನ್ನು ಕಂಡರೆ ಬೇರೆ ಕಟ್ಟಿ, ನೀರಿನ ತೊಟ್ಟಿ ಬೇರೆ ಮಾಡಿ, ಬರಿಗೈಯಲ್ಲಿ ಮುಟ್ಟದೆ ತಕ್ಷಣ ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು. ಸ್ಟ್ರಾಂಗಲ್ಸ್ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಚಿಕಿತ್ಸೆ ಇದೆ.

ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಇಂದಿಗೂ ರೋಗ ಪತ್ತೆ ಮತ್ತು ಲಸಿಕೆ ಕೆಲಸ ಮಾಡುತ್ತಿದೆ. ಹೆಬ್ಬಾಳದಲ್ಲೇ ಇರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರ ಕಾಲುಬಾಯಿ ಜ್ವರದ ಕುರಿತು ದಶಕಗಳಿಂದ ಕೆಲಸ ಮಾಡಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಊರೂರಿನ ದನಕರುಗಳಿಗೆ ಈ ರೋಗದ ಲಸಿಕೆ ಹಾಕಲಾಗುತ್ತಿದೆ.

ರೀಮ್ಸ್ ದ್ವೀಪದಲ್ಲಿ 1910ರಲ್ಲಿ ಆರಂಭವಾದ ಸಂಸ್ಥೆ ಈಗ ಜರ್ಮನಿಯ ರಾಷ್ಟ್ರೀಯ ಪಶು ಆರೋಗ್ಯ ಸಂಶೋಧನಾ ಕೇಂದ್ರವಾಗಿದೆ. ಅದರ ಹೆಸರು ಫ್ರೆಡರಿಕ್ ಲೋಫ್ಲರ್ ಸಂಸ್ಥೆ.